ಏಡಿಯಲ್ಲಿ ಏನೂ ಇಲ್ಲ!

ಏಡಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಹೋದ ಭಾನುವಾರ ಮಧ್ಯಾಹ್ನದವರೆಗೂ ನಂಬಿದ್ದೆ. ನಮ್ಮದು ಹೆಗ್ಗನಹಳ್ಳಿಯ ಹಳೇ ಒಕ್ಕಲು ಮನೆ. ಗದ್ದೆಗಳೆಲ್ಲ ಸೈಟುಗಳಾದರೂ ಏಡಿ ಸಾರು ಮಾತ್ರ ನಿಂತಿಲ್ಲ. ನೆಗಡಿಯಾದರೆ ಏಡಿ ಸಾರು, ನೆಂಟರು ಬಂದರೆ ಏಡಿ ಸಾರು. ಮುದ್ದೆಯ ಜೊತೆ ಐವತ್ತು ವರ್ಷ ಉಂಡವನು ನಾನು!

ಹೀಗಾಗಿ ವಿಜಯನಗರದ ಮೈದಾನದಲ್ಲಿ ಕರಾವಳಿ ಮೀನೂಟದ ಮೇಳ ನಡೆಯುತ್ತಿದೆ ಎಂದು ತಿಳಿದೊಡನೆ ಹೆಂಡತಿ ಜಯಂತಿಗೆ ಅಪ್ಪಣೆ ಕೊಟ್ಟೆ. "ನಡಿ, ಅವರಿಗೆ ಏಡಿ ಮಾಡೋಕೆ ಬರುತ್ತಾ ನೋಡ್ಕೊಂಡು ಬರೋಣ."

ಅಲ್ಲಿ ಕುಂದಾಪುರ ಕಡೆಯ ಹೆಂಗಸೊಬ್ಬರು ಒಬ್ಬರೇ ಒಲೆಯ ಮುಂದೆ ನಿಂತು ಒಣ ಮಸಾಲೆಯ ಏಡಿ ಸುಕ್ಕ ಮಾಡುತ್ತಿದ್ದರು. ಮುಂದೆ ಹತ್ತು ಹದಿನೈದು ಜನರ ಸಾಲು. ನಾನು ಒಂದು ತಟ್ಟೆ ತೆಗೆದುಕೊಂಡು ಪಕ್ಕದಲ್ಲೇ ನಿಂತೆ. ಇಡೀ ಏಡಿ, ಕೈಕಾಲು ಸಮೇತ! ಒಂದು ಕಾಲು ಚೀಪಿದೆ. ಮಸಾಲೆ ಬಂತು. ಇನ್ನೊಂದು ಚೀಪಿದೆ. ಮಸಾಲೆಯೇ ಬಂತು. ಶಾಸ್ತ್ರೋಕ್ತವಾಗಿ ಎಲ್ಲ ಕಾಲುಗಳನ್ನೂ ಚೀಪಿ ಮುಗಿಸಿದೆ. ಹೊಟ್ಟೆಗೆ ಏನೂ ಹೋಗಲಿಲ್ಲ.

"ಏನ್ರೀ ಇದು ಮೋಸ! ಬರೀ ಚಿಪ್ಪು! ಒಳಗೆ ಏನೂ ಇಲ್ಲ!" ಎಂದು ಕೂಗಿದೆ.

"ರೀ, ಸುಮ್ನಿರಿ," ಎಂದು ಜಯಂತಿ ತೋಳು ಜಗ್ಗಿದಳು.

ಸುಮ್ಮನಿರುವ ಜಾಯಮಾನವೇ ನನ್ನದು? ಸಾಲಿನವರ ಕಡೆ ತಿರುಗಿದೆ. "ಏಡಿ ತಿಂದೇ ಬೆಳೆದವನು ಸ್ವಾಮಿ ನಾನು. ನನಗೇ ಟೋಪಿ ಹಾಕ್ತಾರೆ ಅಂದ್ರೆ ನಿಮ್ಮ ಗತಿ ಏನು?"

"ಬಾ ಮಗಾ, ಕಬಾಬೇ ತಿನ್ನೋಣ," ಎಂದು ಹುಡುಗನೊಬ್ಬ ಸ್ನೇಹಿತನನ್ನು ಎಳೆದುಕೊಂಡು ಹೊರಟ. ಅವರ ಹಿಂದೆ ಉಳಿದವರೂ ಪಕ್ಕದ ಕಬಾಬ್ ಅಂಗಡಿಗೆ ನಡೆದರು. ಎರಡೇ ನಿಮಿಷ. ಸಾಲೇ ಇಲ್ಲ!

ಆ ತಾಯಿ ಕೈ ಒರೆಸಿಕೊಂಡು ಬಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನನ್ನ ತಟ್ಟೆಯಲ್ಲಿದ್ದ ಮುಂಗಾಲಿನ ಕೊಂಡಿಯೊಂದನ್ನು ಎತ್ತಿ ಕುಟ್ಟಾಣಿಯಿಂದ ಒಂದೇಟು ಹಾಕಿದರು. ಬೆಳ್ಳಗೆ, ದಪ್ಪಗೆ ಮಾಂಸ! ಒಂದೊಂದೇ ಒಡೆಯುತ್ತಾ ಬಟ್ಟಲು ತುಂಬಿಸಿದರು.

"ಮಾಂಸ ಉಂಟಲ್ಲ ಮಾರಾಯ್ರೇ! ನಿಮ್ಮಲ್ಲಿ ಹೇಗೆ ತಿಂತೀರಿ?"

ನನಗೆ ಗೊತ್ತಿರಲಿಲ್ಲ. ಜಯಂತಿಯ ಮುಖ ನೋಡಿದೆ.

"ಕಾಲೆಲ್ಲ ಕುಟ್ಟಿ, ಹಿಂಡಿ, ಸೋಸಿ ಸಾರಿಗೆ ಹಾಕ್ತೀವಿ ಕಣಮ್ಮ. ಮೈ ಭಾಗದ್ದು ನಾನೇ ಬಿಡಿಸಿ ಇವರ ತಟ್ಟೆಗೆ ಹಾಕ್ತೀನಿ. ಇವರು ಇವತ್ತಿನವರೆಗೂ ಒಂದು ಚಿಪ್ಪು ಒಡೆದಿಲ್ಲ."

ಮೊದಲು ಅವ್ವ, ಆಮೇಲೆ ಜಯಂತಿ. ಐವತ್ತು ವರ್ಷ ಅವರು ಕುಟ್ಟಿದ್ದರು, ನಾನು ಸುರಿದುಕೊಂಡಿದ್ದೆ. ಅಡುಗೆಮನೆಗೆ ಒಮ್ಮೆ ಇಣುಕಿದ್ದರೂ ಗೊತ್ತಾಗುತ್ತಿತ್ತು.

"ಬೆಳಿಗ್ಗೆಯಿಂದ ಯಾರೂ ಇರ್ಲಿಲ್ಲ. ಈಗಷ್ಟೇ ಜನ ಬರ್ಲಿಕ್ಕೆ ಶುರುವಾಗಿತ್ತು," ಎಂದು ಆಕೆ ತುಂಬಿದ ಪಾತ್ರೆಯ ಕಡೆ ನೋಡಿದರು.

ಕಬಾಬ್ ಅಂಗಡಿಗೆ ಓಡಿದೆ. "ಸಾರ್, ತಪ್ಪು ನಂದು! ಏಡೀಲಿ ಮಾಂಸ ಇದೆ! ನನಗೆ ತಿನ್ನೋಕೆ ಬರಲ್ಲ ಅಷ್ಟೇ! ದಯವಿಟ್ಟು ವಾಪಸ್ ಬನ್ನಿ!"

ಒಬ್ಬರು ಬಾಯಿ ಒರೆಸಿಕೊಂಡು ಕೇಳಿದರು. "ಈಗ ಎಷ್ಟು ಕೊಟ್ರು ಸಾರ್ ನಿಮಗೆ?"

ಎಲ್ಲರೂ ನಕ್ಕರು. ಒಬ್ಬರೂ ಬರಲಿಲ್ಲ.

ಒಬ್ಬನೇ ವಾಪಸ್ಸು ಬಂದೆ. ಆಕೆ ಬಟ್ಟಲಿಗೆ ಚಮಚ ಹಾಕಿ ನನ್ನ ಮುಂದೆ ಸರಿಸಿದರು. "ತಿನ್ನಿ, ತಣ್ಣಗಾಗ್ತದೆ."

ತಿಂದೆ. ಅಷ್ಟು ರುಚಿಯಾಗಿರಬಾರದಿತ್ತು.