ಸೋಮವಾರದ ಸೌತೆಕಾಯಿ

ಸೌತೆಕಾಯಿಯನ್ನು ನಾಣ್ಯದಷ್ಟು ತೆಳ್ಳಗೆ ಹೆಚ್ಚಿದರೆ ಒಂದು ಕಾಯಿಗೆ ನಲವತ್ತು ಹೋಳು ಸಿಗುತ್ತವೆ. ಒಂದೊಂದನ್ನೂ ಎರಡು ಸಲ ಕಚ್ಚಿ ನಿಧಾನವಾಗಿ ತಿಂದರೆ ಬೈಲಹೊಂಗಲದ ಬಸ್ ನಿಲ್ದಾಣದಿಂದ ಮುನವಳ್ಳಿಯವರೆಗೆ ಸಾಕಾಗುತ್ತದೆ. ಉಪ್ಪು ಹಚ್ಚಬಾರದು. ಉಪ್ಪು ಹಚ್ಚಿದರೆ ಖಾರ ಬೇಕೆನಿಸುತ್ತದೆ, ಖಾರ ಬಿದ್ದರೆ ಶೇಂಗಾ ಚಟ್ನಿಪುಡಿ, ಅಂದರೆ ನಮ್ಮ ಹಿಂಡಿ, ನೆನಪಾಗುತ್ತದೆ, ಹಿಂಡಿ ನೆನಪಾದ ಮೇಲೆ ರೊಟ್ಟಿ ತಾನಾಗಿಯೇ ಬಂದು ಕೂರುತ್ತದೆ. ಅಲ್ಲಿಗೆ ಆ ದಿನ ಮುಗಿಯಿತು.

ಈ ಜ್ಞಾನವನ್ನು ನಾನು ಇಷ್ಟು ದಿನ ಯಾರೊಂದಿಗೂ ಹಂಚಿಕೊಂಡಿರಲಿಲ್ಲ. ನಾನು ಏನು ತಿನ್ನುತ್ತೇನೆ, ಎಷ್ಟು ತೂಗುತ್ತೇನೆ ಎನ್ನುವುದು ನನಗೂ ನನ್ನ ಡಾಕ್ಟರಿಗೂ ಸಂಬಂಧಿಸಿದ ವಿಷಯ ಎಂದೇ ನನ್ನ ನಂಬಿಕೆ. ಆದರೆ ನಮ್ಮ ಕಡೆ ಈ ನಂಬಿಕೆಗೆ ಅಷ್ಟು ಬೆಲೆಯಿಲ್ಲ. ಎದುರಾದವರು ಹೆಸರು ಕೇಳುವ ಮೊದಲು ಊಟವಾಯಿತೇ ಎಂದು ಕೇಳುತ್ತಾರೆ. ಆಗಿಲ್ಲ ಎಂದರೆ ತಾಟು ಬರುತ್ತದೆ. ಆಗಿದೆ ಎಂದರೆ ಏನು ಪಲ್ಯ ಎಂದು ಕೇಳುತ್ತಾರೆ, ಪಲ್ಯದ ಹೆಸರು ಹೇಳಿದರೆ ಅದನ್ನು ತಾವು ಹೇಗೆ ಮಾಡುತ್ತೇವೆಂದು ಹೇಳುತ್ತಾರೆ, ಹೇಳಿ ಮುಗಿಸಿ ರುಚಿ ನೋಡಲೆಂದು ಒಂದು ಬಟ್ಟಲು ತಂದಿಡುತ್ತಾರೆ. ರಕ್ತಪರೀಕ್ಷೆಯ ಫಲಿತಾಂಶ ಅಷ್ಟೇನೂ ಚೆನ್ನಾಗಿಲ್ಲವೆಂದು ಡಾಕ್ಟರು, ವಾರಕ್ಕೆ ಐದು ದಿನ ಎಂದಿನ ಊಟ, ಎರಡು ದಿನ ಐನೂರು ಕ್ಯಾಲೊರಿಯೊಳಗೆ ಎಂದು ಗೊತ್ತುಮಾಡಿದಾಗ ಹಸಿವಿನ ಭಯಕ್ಕಿಂತ ಈ ಬಟ್ಟಲುಗಳ ಭಯವೇ ನನ್ನನ್ನು ಕಾಡಿತು.

ಹಸಿವನ್ನು ನಿಭಾಯಿಸುವ ಉಪಾಯಗಳನ್ನು ಬೇಗ ಕಂಡುಕೊಂಡೆ. ಅಡುಗೆಯ ಪುಟ್ಟ ತಕ್ಕಡಿಯೊಂದನ್ನು ಕೊಂಡು ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟೆ. ಬೆಳಿಗ್ಗೆ ಏನೂ ತಿನ್ನದೆ ಬಿಸಿನೀರು ಕುಡಿಯುವುದು; ಎಷ್ಟು ಬಿಸಿ ಎಂದರೆ, ಬಾಯಿ ಸುಟ್ಟುಕೊಳ್ಳುವ ಗಡಿಬಿಡಿಯಲ್ಲಿ ಹೊಟ್ಟೆಯ ಕಡೆ ಗಮನ ಹೋಗಬಾರದು. ಮಧ್ಯಾಹ್ನ ಜೀರಿಗೆ ಹಾಕಿದ, ತಳ ಕಾಣುವಷ್ಟು ತಿಳಿಯಾದ ಮಜ್ಜಿಗೆ. ರಾತ್ರಿ ಒಂದೇ ಒಂದು ರೊಟ್ಟಿ, ಹೆಸರುಕಾಳು, ತಾಟು ತುಂಬ ಮೆಂತ್ಯ ಸೊಪ್ಪು. ಉಂಡ ತಕ್ಷಣ ಹಲ್ಲುಜ್ಜಿಬಿಡಬೇಕು. ಪೇಸ್ಟಿನ ರುಚಿಯ ಮೇಲೆ ಬೆಲ್ಲ ಕೂಡ ಬೆಲ್ಲವಾಗಿ ಉಳಿಯುವುದಿಲ್ಲ. ಬಸ್ ನಿಲ್ದಾಣದಲ್ಲಿ ಮಿರ್ಚಿ ಕರಿಯುವ ಬಂಡಿಯ ವಾಸನೆ ಬರದ ಹಾಗೆ ಗಾಳಿಯ ದಿಕ್ಕು ನೋಡಿ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಆ ಎರಡು ದಿನ ಕಚೇರಿಯಲ್ಲಿ ಕೂರಬಾರದು. ಕಚೇರಿಯಲ್ಲಿ ಯಾರಿಗಾದರೂ ಬಡ್ತಿ ಸಿಗುತ್ತದೆ, ಇಲ್ಲವೇ ಯಾರದಾದರೂ ಮಗುವಿಗೆ ಹಲ್ಲು ಬರುತ್ತದೆ, ಮತ್ತು ಎರಡಕ್ಕೂ ಪೇಢೆಯೇ. ಹಾಗಾಗಿ ಸೋಮವಾರ, ಗುರುವಾರಗಳನ್ನು ಹಳ್ಳಿಗಳ ಭೇಟಿಗೆ ಇಟ್ಟುಕೊಂಡೆ. ನಡೆದಾಡುತ್ತ ಇದ್ದರೆ ಹೊತ್ತು ಹೋಗುತ್ತದೆ.

ಇಲ್ಲಿ ನನ್ನ ಉದ್ಯೋಗವನ್ನು ಹೇಳಲೇಬೇಕಾಗಿದೆ. ನಾನು ಅಂಗನವಾಡಿಗಳ ಮೇಲ್ವಿಚಾರಕಿ. ಆಹಾರ ಮತ್ತು ಪೋಷಣೆಯ ವಿಷಯದಲ್ಲಿ ಧಾರವಾಡದಲ್ಲಿ ಓದಿ, ಪರೀಕ್ಷೆ ಬರೆದು, ಈ ಕೆಲಸಕ್ಕೆ ಬಂದವಳು. ಮಕ್ಕಳು ಉಂಡರೇ, ಬಸುರಿ ಬಾಣಂತಿಯರು ಮಧ್ಯಾಹ್ನದ ಬಿಸಿಯೂಟಕ್ಕೆ ಬಂದರೇ, ಬಂದವರು ತಾಟು ಖಾಲಿ ಮಾಡಿದರೇ ಎಂದು ನೋಡುವುದು ನನ್ನ ಕೆಲಸ. ಸಂಬಳ ಬರುವುದೇ ಜನರಿಗೆ ಉಣ್ಣಿರಿ ಎಂದು ಹೇಳುವುದಕ್ಕೆ. ವಾರದಲ್ಲಿ ಎರಡು ದಿನ ಬರಿಹೊಟ್ಟೆಯಲ್ಲಿ ಊರೂರು ಅಲೆದು ಇದನ್ನೇ ಹೇಳುತ್ತಿದ್ದೆ, ಮತ್ತು ಹೇಳುವಾಗ ನನ್ನ ದನಿಯಲ್ಲಿ ಎಂದೂ ಇಲ್ಲದ ಆರ್ತತೆ ಇರುತ್ತಿತ್ತು.

ಮುನವಳ್ಳಿಯಿಂದ ಒಳಗೆ ಹೋಗುವ ಒಂದು ಊರಿನಲ್ಲಿ ಮಹಾದೇವಿ ಎನ್ನುವವರು ಅಂಗನವಾಡಿ ಶಿಕ್ಷಕಿ. ಊರವರಿಗೆಲ್ಲ ಅಕ್ಕೋರು, ನನಗೂ ಅಕ್ಕೋರೇ. ಮೊದಲ ಸೋಮವಾರ ಅವರು ತಾಟು ಮುಂದಿಟ್ಟಾಗ ನಾನು ಬೇಡವೆಂದೆ. ಇನ್ನೊಮ್ಮೆ ಹೇಳಿದರು, ಇನ್ನೊಮ್ಮೆ ಬೇಡವೆಂದೆ. ಅವರು ನನ್ನ ಮುಖ ನೋಡಿ ದನಿ ತಗ್ಗಿಸಿದರು.

"ಸೋಮವಾರ ಹಿಡದೀರೇನ್ರಿ ಮೇಡಮ್ಮಾರ?"

ನಮ್ಮಲ್ಲಿ ದೇವರ ಹೆಸರಿನಲ್ಲಿ ಒಂದು ದಿನ ಉಪವಾಸ ಇರುವುದಕ್ಕೆ ವಾರ ಹಿಡಿಯುವುದು ಎನ್ನುತ್ತಾರೆ. ನಾನು ಹೌದು ಎನ್ನಲಿಲ್ಲ. ತಲೆ ಸ್ವಲ್ಪ ಅಲುಗಿತು, ಅಷ್ಟೆ. ತಾಟು ತಕ್ಷಣ ಮಾಯವಾಯಿತು. ಇಷ್ಟು ಸುಲಭದ ಉಪಾಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಡಯಟ್ ಎಂದರೆ ನಗುತ್ತಾರೆ, ಡಾಕ್ಟರು ಹೇಳಿದ್ದಾರೆ ಎಂದರೆ ಯಾವ ಕಾಯಿಲೆ ಎಂದು ಕೇಳುತ್ತಾರೆ. ವಾರ ಎಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಸುಮ್ಮನಿರುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ.

ಆದರೆ ಉಪವಾಸಕ್ಕೆ ಫಳಾರವಿದೆ ಎನ್ನುವುದನ್ನು ಮರೆತಿದ್ದೆ. ಅದೇ ಗುರುವಾರವೂ ತಲೆ ಹಾಗೆಯೇ ಅಲುಗಿತ್ತು; ಮುಂದಿನ ಸೋಮವಾರ ಅಕ್ಕೋರು ತುಪ್ಪ ತೇಲುವ ಸಾಬೂದಾಣಿ ಖಿಚಡಿ, ಎರಡು ಶೇಂಗಾ ಉಂಡಿ, ಒಂದು ಲೋಟ ಕೆನೆಹಾಲು ಮಾಡಿಸಿಟ್ಟಿದ್ದರು. ಊಟವನ್ನೇ ಮಾಡಿದ್ದರೆ ಇದರ ಅರ್ಧದಲ್ಲಿ ಮುಗಿಯುತ್ತಿತ್ತು. ಬೇರೆ ದಾರಿ ಕಾಣದೆ, ನನ್ನದು ನೀರಿನ ಉಪವಾಸವೆಂದುಬಿಟ್ಟೆ. "ಭಾಳ ಕಡಕ ಹಿಡದೀರಿ ಬಿಡ್ರಿ," ಎಂದು ಅಕ್ಕೋರು ಕೈ ಮುಗಿದರು. ಸೋಮವಾರದ ಜೊತೆ ಗುರುವಾರವೂ ಇರುವುದರಿಂದ ಹರಕೆ ದೊಡ್ಡದೇ ಇರಬೇಕೆಂದು ಊರು ತೀರ್ಮಾನಿಸಿತು. ಮದುವೆಯಾಗದ ಹುಡುಗಿಗೆ ಯಾವ ಹರಕೆ ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಎರಡು ತಿಂಗಳಿಗೆ ನಾನು ಮೂರು ಕಿಲೋ ಇಳಿದಾಗ, "ಮಾರಿ ಮ್ಯಾಲ ಕಳಾ ಬಂದೈತಿ ನೋಡ್ರಿ. ಈ ವರ್ಸ ಕೂಡಿ ಬರತೈತಿ," ಎಂದು ಹಾಲು ಮಾರುವವಳು ದಾರಿಯಲ್ಲಿ ತಡೆದು ಹೇಳಿದಳು. ಮೂರು ಕಿಲೋ ಕೊಬ್ಬನ್ನು ಇಷ್ಟು ಗೌರವದಿಂದ ಬೇರೆ ಯಾರೂ ಬೀಳ್ಕೊಟ್ಟಿರಲಾರರು.

ನಾನು ಗಮನಿಸದೆ ಹೋದ ಸಂಗತಿ ಒಂದೇ. ಆ ಊರಿಗೆ ನಾನು ಹೋಗುತ್ತಿದ್ದದ್ದು ಸೋಮವಾರ ಮತ್ತು ಗುರುವಾರ ಮಾತ್ರ. ಊಟದ ಬಗ್ಗೆ ಇಷ್ಟು ಮಾತಾಡುವ ಮೇಡಮ್ಮು ಒಂದು ತುತ್ತು ಉಂಡದ್ದನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ.

ರೇಣುಕಾ ನೋಡುತ್ತಿದ್ದಳು. ಅವಳು ನಮ್ಮ ಅಂಗನವಾಡಿಗೆ ಊಟಕ್ಕೆ ಬರುವ ಬಸುರಿಯರಲ್ಲಿ ಎಲ್ಲರಿಗಿಂತ ತೆಳ್ಳಗಿನವಳು. ಹಿಂದಿನ ಸಲ ಮೂರನೆಯ ತಿಂಗಳಲ್ಲೇ ಗರ್ಭಪಾತವಾಗಿತ್ತು. ಈ ಸಲ ಐದು ತುಂಬಿತ್ತು, ಆದರೆ ರಕ್ತ ತೀರ ಕಡಿಮೆ, ಹೊಟ್ಟೆಯ ಬೆಳವಣಿಗೆಯೂ ಸಾಲದೆಂದು ನರ್ಸ್ ಎಚ್ಚರಿಸಿದ್ದರು. ಊಟ, ಮಾತ್ರೆ ಎರಡೂ ತಪ್ಪಬಾರದೆಂದು ನಾನು ಅವಳಿಗೆ ಪ್ರತಿ ಸಲ ಹೇಳುತ್ತಿದ್ದೆ. ಅವಳು ಪ್ರತಿ ಸಲ ಹೂಂ ಎನ್ನುತ್ತಿದ್ದಳು.

ಹೋದ ಸೋಮವಾರ ನಾನು ಹೋದಾಗ ರೇಣುಕಾ ಅಂಗನವಾಡಿಯ ಮೆಟ್ಟಿಲ ಮೇಲೆ ಗೋಡೆಗೆ ತಲೆ ಆನಿಸಿ ಕುಳಿತಿದ್ದಳು. ಬರುವಾಗ ಕಣ್ಣಿಗೆ ಕತ್ತಲೆ ಬಂದಿತ್ತಂತೆ. ಪಕ್ಕದಲ್ಲಿ ಅವಳ ಅತ್ತೆ ಬಸವ್ವ ಸೆರಗಿನಿಂದ ಗಾಳಿ ಹಾಕುತ್ತಿದ್ದವರು ನನ್ನನ್ನು ಕಂಡು ಗಾಳಿ ನಿಲ್ಲಿಸಿದರು.

"ಬರ್ರಿ ಬಾಯಾರ, ಬರ್ರಿ. ನಿಮ್ಮ ಶಿಷ್ಯಳನ್ನ ನೋಡ್ರಿ. ಸೋಮವಾರ, ಗುರುವಾರ, ಬರೇ ನೀರು! ನಾ ಬಡಕೊಂಡೆ, ಇಕಿ ಗಂಡ ಕೈ ಮುಗದ. ಕೇಳವಲ್ಲಳು. ಮೇಡಮ್ಮಾರು ಅಷ್ಟು ಕಲತಾವರು ಹಿಡದಾರ, ನಾ ಯಾಕ ಹಿಡೀಬಾರದು ಅಂತಾಳ."

ರೇಣುಕಾ ಮೆಲ್ಲಗೆ ಹೇಳಿದಳು. "ಈ ಸಲ ಇದು ನಿಲ್ಲಬೇಕ್ರಿ. ನೀವು ನೀರಿನ ಮ್ಯಾಲ ಊರೂರು ತಿರುಗತೀರಿ, ನಿಮಗೇನೂ ಆಗೂದುಲ್ಲ. ಅದನ್ನ ನೋಡಿ ನನಗೂ ಧೈರ್ಯ ಬಂತ್ರಿ."

ಕಬ್ಬಿಣಾಂಶ, ಪ್ರೋಟೀನು, ತೂಕ, ಮಗುವಿನ ಮಿದುಳು. ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಅವಳು ಹೂಂ ಎಂದಳು. ಆ ಹೂಂ ಎನ್ನುವುದರ ಬೆಲೆ ಈಗ ನನಗೆ ತಿಳಿದಿತ್ತು. ಉಳಿದದ್ದು ಒಂದೇ ದಾರಿ. ಅಲ್ಲಿ ಅಕ್ಕೋರು, ಬಸವ್ವ, ಊಟಕ್ಕೆ ಬಂದ ಇನ್ನೂ ಐದಾರು ಹೆಂಗಸರು ಇದ್ದರು. ಅಷ್ಟು ಜನರ ಎದುರು, ನನ್ನದು ದೇವರ ವಾರವಲ್ಲ, ತೂಕ ಇಳಿಸಲು ಡಾಕ್ಟರು ಹೇಳಿದ ಪಥ್ಯ, ಬಸುರಿಯರು ಇದನ್ನು ಮಾಡಲೇಬಾರದು, ನೀರಷ್ಟೇ ಎಂದದ್ದೂ ಸುಳ್ಳು, ಚೀಲದಲ್ಲಿ ಸೌತೆಕಾಯಿ ಇರುತ್ತದೆ ಎಂದು ಹೇಳಿದೆ. ಮರಳುವ ದಾರಿಗೆಂದು ಉಳಿಸಿದ್ದ ಹೋಳುಗಳ ಡಬ್ಬಿ ತೆರೆದು ತೋರಿಸಿದೆ. ನನ್ನ ತೂಕವನ್ನೂ ಹೇಳಿದೆ. ಅದು ಅವ್ವನಿಗೂ ಗೊತ್ತಿರಲಿಲ್ಲ.

ಯಾರೂ ನಂಬಲಿಲ್ಲ.

"ಹರಕಿ ಬಾಯಿ ಬಿಟ್ಟು ಹೇಳಬಾರದಲ್ಲರಿ, ಅದಕ್ಕ ಹಂಗ ಅನ್ನಾಕ ಹತ್ಯಾರ," ಎಂದು ಒಬ್ಬಳು ಇನ್ನೊಬ್ಬಳಿಗೆ ವಿವರಿಸಿದಳು. "ನೀವು ಎಲ್ಲಿ ದಪ್ಪ ಅದೀರಿ? ಮೈ ತುಂಬಿಕೊಂಡೀರಿ, ಅಷ್ಟ," ಎಂದು ಅಕ್ಕೋರು ಸಮಾಧಾನ ಹೇಳಿದರು. ಡಬ್ಬಿಯೊಳಗಿನ ಹೋಳುಗಳನ್ನು ನೋಡಿ ಬಸವ್ವ, "ಇದನ್ನ ತಿಂದು ಯಾರರ ಬದುಕತಾರೇನ್ರಿ?" ಎಂದರು. ನಾನು ಜೀವನದಲ್ಲಿ ಮೊದಲ ಸಲ ಖಾಸಗಿ ಸಂಗತಿಯೊಂದನ್ನು ಸಾರ್ವಜನಿಕವಾಗಿ ಹೇಳಿದ್ದೆ. ಅದರಿಂದ ನನ್ನ ಭಕ್ತಿಯ ಕೀರ್ತಿ ಇನ್ನಷ್ಟು ಹೆಚ್ಚಿತು.

ಕೊನೆಗೆ ನಾನೇ ಒಂದು ತಾಟು ತೆಗೆದುಕೊಂಡು ರೇಣುಕಾಳ ಎದುರು ನೆಲದ ಮೇಲೆ ಕುಳಿತೆ. "ಬಡಸ್ರಿ ಅಕ್ಕೋರ," ಎಂದೆ. ರೇಣುಕಾ ಗಾಬರಿಯಾಗಿ ನನ್ನ ಕೈ ಹಿಡಿದಳು. "ಬ್ಯಾಡ್ರಿ, ನನ್ನ ಸಲುವಾಗಿ ವಾರ ಮುರೀಬ್ಯಾಡ್ರಿ! ನನಗ ಪಾಪ ಹತ್ತತೈತಿ." ಆ ಕೈ ತಣ್ಣಗಿತ್ತು, ಉಗುರುಗಳು ಬಿಳಿಚಿಕೊಂಡಿದ್ದವು. ಆಗ ಬಸವ್ವ ನಡುವೆ ಬಂದರು.

"ಯಾವ ಪಾಪಾನೂ ಇಲ್ಲ. ಬಸರ ಹೆಂಗಸು ಎದುರಿಗೆ ಕುಂತರ ಶಿವನೂ ಎದ್ದು ಬಂದು ಉಣತಾನ. ವಾರ ಮುರಿಯೂದುಲ್ಲ, ಅಕಿದೂ ಇಲ್ಲ, ಬಾಯಾರದೂ ಇಲ್ಲ."

"ಇದು ಯಾವ ಶಾಸ್ತ್ರದಾಗ ಐತಿ, ಬಸವ್ವ?" ಎಂದು ಅಕ್ಕೋರು ಕೇಳಿದರು.

"ನನ್ನ ಶಾಸ್ತ್ರದಾಗ. ನೀ ಬಡಸ್."

ಅನ್ನ, ಸಾರು, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಿಕ್ಕಿ ಬಂದವು. ಬಸವ್ವ ಮನೆಗೆ ಓಡಿ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ತಂದರು. ನಾನು ಒಂದು ತುತ್ತು ಎತ್ತಿದೆ. ರೇಣುಕಾ ನನ್ನ ಕೈಯನ್ನೇ ನೋಡಿದಳು, ಅದು ಬಾಯಿಗೆ ಹೋಗಿ ಖಾಲಿಯಾಗಿ ಹಿಂದೆ ಬರುವವರೆಗೆ ಕಾದು, ಆಮೇಲೆ ತಾನೊಂದು ತುತ್ತು ತೆಗೆದುಕೊಂಡಳು. ನಾನು ನಿಲ್ಲಿಸಿದರೆ ನಿಲ್ಲಿಸುತ್ತಿದ್ದಳು. ಹೀಗೆ ಊಟ ಸಾಗಿತು. ಮೊದಮೊದಲು ಅಭ್ಯಾಸಬಲದಿಂದ ಮನಸ್ಸಿನಲ್ಲಿ ಕ್ಯಾಲೊರಿ ಕೂಡುತ್ತ ಹೋದೆ. ಎರಡನೆಯ ರೊಟ್ಟಿಯ ಮೇಲೆ ಬಸವ್ವ ಕೇಳದೆ ತುಪ್ಪ ಸುರಿದಾಗ ಲೆಕ್ಕ ಬಿಟ್ಟುಬಿಟ್ಟೆ. ಎದುರಿನ ಬಿಳಿಚಿದ ಮುಖದ ಬೆವರು ಆರಿ, ಸ್ವಲ್ಪ ಗೆಲುವು ಬರುತ್ತಿತ್ತು. ಅವಳು ಕೊನೆಯ ಶೇಂಗಾ ಚಿಕ್ಕಿಯನ್ನು ಎರಡು ತುಂಡು ಮಾಡಿ ದೊಡ್ಡ ತುಂಡನ್ನು ನನಗೆ ಕೊಟ್ಟಳು. ನಾನು ತುಂಡು ಬದಲಿಸಿದೆ. ಇಬ್ಬರೂ ತಿಂದೆವು. ಬಸವ್ವನ ಹಿಂಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು: ಅದು ಬಹಳ ಚೆನ್ನಾಗಿತ್ತು. ಇಷ್ಟು ದುಃಖದ ಪರಿಸ್ಥಿತಿಯಲ್ಲಿ ಅಷ್ಟು ಚೆನ್ನಾಗಿರುವ ಅಗತ್ಯವಿರಲಿಲ್ಲ.

ಹೊರಡುವಾಗ ರೇಣುಕಾ ಬಾಗಿಲವರೆಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದಳು. "ಇವತ್ತಿಂದು ತಪ್ಪಿತಲ್ರಿ. ನಾಳೆ ಮಂಗಳವಾರ ಹಿಡದು ಕೂಡಸೂಣೇನ್ರಿ?"

ಮೊಸರು ಬಡಿಸಿಕೊಂಡಾಗಿನಿಂದ ನಾನು ಯೋಚಿಸುತ್ತಿದ್ದದ್ದೂ ಅದನ್ನೇ. ಸೋಮವಾರದ ಐನೂರನ್ನು ಮಂಗಳವಾರಕ್ಕೆ ಸರಿಸಿದರೆ ವಾರದ ಲೆಕ್ಕ ಸರಿಹೋಗುತ್ತದೆ ಎಂದು ನನ್ನ ಪಥ್ಯದ ಪುಸ್ತಕದಲ್ಲೂ ಇದೆ.

"ಇಲ್ಲ ರೇಣುಕಾ, ಕೂಡಸೂದು ಬ್ಯಾಡ. ನಿಮ್ಮ ಹೆರಿಗಿ ಆಗೂತನಕ ಇಬ್ಬರೂ ಬಿಡೂಣು."

"ನೀವು ಬಿಡತೀರಿ?"

"ಬಿಡತೇನಿ."

"ಖರೇನ?"

"ಖರೇನ," ಎಂದೆ. ಡಾಕ್ಟರಿಗೆ ಏನು ಹೇಳುವುದೆಂದು ಬಸ್ಸಿನಲ್ಲಿ ಬೈಲಹೊಂಗಲದವರೆಗೂ ಯೋಚಿಸಿದೆ. ಉಪವಾಸವಿಲ್ಲದೆ, ಉಣ್ಣುತ್ತಲೇ ದಿನಕ್ಕೊಂದಿಷ್ಟು ಕಡಿಮೆ ಮಾಡುವ ಇನ್ನೊಂದು ಕ್ರಮವಿದೆಯಂತೆ. ಅದು ನಿಧಾನ, ಆದರೆ ಅದನ್ನು ಯಾವ ದೇವರಿಗೂ ಹಚ್ಚಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳು ರೂಢಿಯಂತೆ ಸೌತೆಕಾಯಿ ಹೆಚ್ಚಿದೆ. ಮಾತು ಕೊಟ್ಟದ್ದು ನೆನಪಿತ್ತು. ಆದರೂ ಒಂದು ಮಂಗಳವಾರವಷ್ಟೇ, ಮೂವತ್ತು ಕಿಲೋಮೀಟರ್ ದೂರದಲ್ಲಿ ಯಾರಿಗೆ ತಿಳಿಯುತ್ತದೆ ಎಂದು ಬಿಸಿನೀರು ಕುಡಿಯುತ್ತ ನಿಂತಿದ್ದಾಗ ಫೋನು ಬಂತು. ಅಕ್ಕೋರು. "ಮೇಡಮ್ಮಾರ, ರೇಣುಕಾ ಇಲ್ಲೇ ಬಂದು ಕುಂತಾಳ್ರಿ. ನಿಮ್ಮ ನಾಷ್ಟಾ ಆತೇನಂತ ಕೇಳಾಕ ಹತ್ಯಾಳ. ಆತಂದ್ರ ತಾನೂ ಮಾಡತಾಳಂತ. ಬಾಯಿಲೆ ಹೇಳಿದ್ರ ನಂಬೂದುಲ್ಲಂತ್ರಿ, ಫೋಟೋ ಕಳಸಬೇಕಂತ."

ಅವ್ವ ಮಾಡಿಟ್ಟ ಉಪ್ಪಿಟ್ಟನ್ನು ತಾಟಿಗೆ ಹಾಕಿಕೊಂಡೆ. ತಾನಾಗಿ ಬಡಿಸಿಕೊಳ್ಳುವ ಮಗಳನ್ನು ಅವ್ವ ಒಲೆಯ ಹತ್ತಿರ ನಿಂತು ನೋಡಿದಳು, ಏನೂ ಕೇಳದೆ ಮೇಲೊಂದು ಚಮಚ ತುಪ್ಪ ಹಾಕಿದಳು. ನಾನು ಇದುವರೆಗೆ ನನ್ನ ಮುಖದ ಚಿತ್ರವನ್ನೂ ಯಾರಿಗೂ ಕಳಿಸಿದವಳಲ್ಲ. ತಾಟಿನ ಫೋಟೋ ತೆಗೆದು ಕಳಿಸಿದೆ. ಅರ್ಧ ಖಾಲಿಯಾದಾಗ ಒಂದು, ಪೂರ್ತಿ ಖಾಲಿಯಾದಾಗ ಇನ್ನೊಂದು. ತೆಗೆಯುವ ಮೊದಲು ಸೌತೆಕಾಯಿಯ ಬಟ್ಟಲನ್ನು ಕಾಣದಂತೆ ಪಕ್ಕಕ್ಕೆ ಸರಿಸಿದ್ದೆ. ಆ ಕಡೆಯಿಂದ ರೇಣುಕಾಳ ಖಾಲಿ ತಾಟಿನ ಚಿತ್ರ ಬಂದ ಮೇಲೆ ಅದನ್ನು ಹತ್ತಿರ ಎಳೆದುಕೊಂಡು, ಉಪ್ಪು ಖಾರ ಹಚ್ಚಿ, ಅದನ್ನೂ ತಿಂದೆ.