ರಾಜ್ಯಶಾಸ್ತ್ರದ ಲಾಭ-ನುಕ್ಸಾನ

ರಾಜ್ಯಶಾಸ್ತ್ರ ಓದಿದವರಿಗೆ “ಇದರಿಂದ ಏನ್ ಸಿಗ್ತದ?” ಎಂಬ ಪ್ರಶ್ನೆ ತಪ್ಪಿದ್ದಲ್ಲ. ಬಸ್ಸಿನಲ್ಲಿ ಕೇಳುತ್ತಾರೆ, ಬೀಗರ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಒಮ್ಮೆ ನನ್ನ ಹಲ್ಲು ಕೀಳುತ್ತಿದ್ದ ಡಾಕ್ಟರರೂ ಕೇಳಿದರು. ಆಗ ಮಾತ್ರ ನಾನು ಉತ್ತರ ಕೊಡಲಿಲ್ಲ. ಬಾಯಲ್ಲಿ ಅವರ ಇಕ್ಕಳ ಇತ್ತು. ಉಳಿದ ಕಡೆಯೆಲ್ಲ ಕೊಟ್ಟಿದ್ದೇನೆ.

ಕಾಲೇಜೋ, ಅಂಗಡಿಯೋ

ಎಪ್ಪತ್ತರ ದಶಕದ ಮಾತು. ಬಸವಕಲ್ಯಾಣದಲ್ಲಿ ನಮ್ಮಪ್ಪನದು ಅರಿವೆ ಅಂಗಡಿ. ಬಿ.ಎ.ಗೆ ರಾಜ್ಯಶಾಸ್ತ್ರ ತಗೋತೀನಿ ಎಂದಾಗ ಅಪ್ಪ ಕೈಯಲ್ಲಿದ್ದ ಗಜಕೋಲು ಕೆಳಗಿಟ್ಟ.

“ಅದನ್ನ ಓದಿದ್ರ ಏನ್ ತಿಳೀತದ?”

“ಸರ್ಕಾರ ಹ್ಯಾಂಗ ನಡೀತದ ಅಂತ ತಿಳೀತದ.”

“ಸರ್ಕಾರ ನಡಸಾಕತ್ತವರಿಗೇ ಅದು ತಿಳಿದಿಲ್ಲ. ನಿನಗ್ಯಾಕ?”

ಸೀರೆ ಕೊಳ್ಳಲು ಮುಡಬಿಯಿಂದ ಬಂದಿದ್ದ ಗಿರಾಕಿಯೊಬ್ಬರನ್ನೂ ಅಪ್ಪ ಪಂಚಾಯ್ತಿಗೆ ಎಳೆದ. “ಟೀಚರ್ ಟ್ರೇನಿಂಗ್ ಮಾಡಸ್ರಿ, ಲಗೂನ ಪಗಾರ ಬರ್ತದ” ಎಂದರು ಅವರು. ನಾನು ಅವರಿಗೆ ಪ್ರಜಾಪ್ರಭುತ್ವದ ಮೇಲೊಂದು ಭಾಷಣ ಬಿಗಿದೆ. ಅವರು ಸೀರೆ ಕೊಳ್ಳದೆ ಎದ್ದು ಹೋದರು.

ಒಳಗಿಂದ ಅವ್ವ ಬಂದಳು.

“ಕಾಲೇಜಿಗೆ ಕಳಿಸಿದ್ರ ಫೀಸು ಹೋಗ್ತದ. ಅಂಗಡ್ಯಾಗ ಕುಂಡ್ರಿಸಿದ್ರ ಗಿರಾಕಿ ಹೋಗ್ತಾವ. ಯಾವುದ್ರಾಗ ನುಕ್ಸಾನ ಕಮ್ಮಿ, ಅದನ್ನ ಮಾಡ್ರಿ.”

ಮರುದಿನವೇ ಅಪ್ಪ ಫೀಸು ಕಟ್ಟಿದ.

ಎಂ.ಎ. ಉಪ್ಪಿಟ್ಟು

ಗುಲ್ಬರ್ಗಾದಲ್ಲಿ ಎಂ.ಎ. ಮುಗಿಸಿ ಬಂದದ್ದೇ ತಡ, ನನ್ನನ್ನು ನೋಡಲು ಹುಮನಾಬಾದಿನಿಂದ ಗಂಡಿನ ಕಡೆಯವರು ಬಂದರು. ಹುಡುಗನ ಅಜ್ಜಿಗೆ ಕಿವಿ ಮಂದ.

“ಏನ್ ಓದೀದಿ ತಂಗಿ?”

“ರಾಜ್ಯಶಾಸ್ತ್ರ, ಎಂ.ಎ.”

ಅಜ್ಜಿಯ ಮುಖ ಅರಳಿತು. “ಪಾಕಶಾಸ್ತ್ರಾನ? ಭೇಷ್! ಎಂ.ಎ. ತನಕ ಅಡಗಿ ಕಲಿತ ಸೊಸಿ ಈ ಸೀಮ್ಯಾಗ ಯಾರಿಗದಾಳ?”

ತಿದ್ದಲು ಬಾಯಿ ತೆರೆದೆ. ಅವ್ವ ಕಣ್ಣು ಬಿಟ್ಟಳು. ಅಷ್ಟರಲ್ಲಿ ನಾನೇ ಮಾಡಿದ ಉಪ್ಪಿಟ್ಟು ಬಂತು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ಕಷ್ಟಪಟ್ಟು ನುಂಗಿ, ನೀರು ಕುಡಿದು, ಮೊಮ್ಮಗನ ಕಿವಿಯಲ್ಲಿ ಇಡೀ ಓಣಿಗೆ ಕೇಳುವಂತೆ ಪಿಸುಗುಟ್ಟಿದಳು: “ಸುಳ್ಳು ಹೇಳಾಕತ್ತಾರ. ಈಕಿ ನಪಾಸಾಗ್ಯಾಳ.”

ಹುಡುಗ ನಕ್ಕು ನಕ್ಕು ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡ. ಇಷ್ಟು ನಗುವವನು ನನ್ನ ಉಪ್ಪಿಟ್ಟನ್ನೂ ತಡೆದುಕೊಂಡಾನು ಅನ್ನಿಸಿತು. ಅವನನ್ನೇ ಮದುವೆಯಾದೆ.

ನಿಮ್ಮದು ಯಾವ ಪಕ್ಷ?

ಹುಮನಾಬಾದಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರಕ್ಕೆ ಒಂದೇ ಕುರ್ಚಿ ಖಾಲಿಯಿತ್ತು. ಅದು ತಪ್ಪಿದರೆ ಊರು ಬಿಟ್ಟು ಹೋಗಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಸಂದರ್ಶನ ಮಾಡಲು ಕೂತಿದ್ದವರು ಆಡಳಿತ ಮಂಡಳಿಯ ಇಬ್ಬರು ಹಿರಿಯರು. ಇಬ್ಬರದೂ ಬೇರೆ ಬೇರೆ ಪಕ್ಷ, ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಒಬ್ಬರು ನೇರವಾಗಿ ಕೇಳಿಯೇಬಿಟ್ಟರು.

“ರಾಜಕೀಯ ಎಲ್ಲಾ ಓದೀರಿ. ನಿಮ್ಮದು ಯಾವ ಪಕ್ಷ್ರೀ?”

ಯಾವ ಹೆಸರು ಹೇಳಿದರೂ ಅರ್ಧ ನೌಕರಿ ಹೋದಂತೆ.

“ಶುಕ್ಲಪಕ್ಷ ರೀ. ಹುಣ್ಣಿಮಿ ಎದುರಿಗೆ ಹುಟ್ಟೀನಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬಹುಶಃ ವರ್ಷಗಳ ಮೇಲೆ ನೋಡಿದ್ದು. ಆಮೇಲೆ ಒಬ್ಬರು ಇನ್ನೊಬ್ಬರಿಗೆ ಹೇಳಿದರು: “ಈಕಿನ್ನ ಒಳಗ ತಗೋಳೂಣ್ರಿ. ಹೊರಗ ಬಿಟ್ರ ನಮ್ಮಿಬ್ಬರಿಗೂ ಎದುರು ನಿಂದರ್ತಾಳ.”

ಶಾಸ್ತ್ರ ಕೇಳುವವರು

ನಮ್ಮ ಮಾವನವರದು ಮನೆಯ ಮುಂದೆಯೇ ಕಿರಾಣಿ ಅಂಗಡಿ. ನನ್ನ ಪಗಾರ ಎಷ್ಟೆಂದು ತಿಳಿದ ದಿನ “ಇದಕ್ಕಿಂತ ನನ್ನ ಬೆಲ್ಲ ಛಲೋ” ಎಂದಿದ್ದರು. ಅವರ ಅಭಿಪ್ರಾಯ ಬದಲಾದದ್ದು ಊರಿನ ಎಲೆಕ್ಷನ್‌ನಿಂದ.

ನಮ್ಮ ವಾರ್ಡಿನ ಹಳೆಯ ಮೆಂಬರರೊಬ್ಬರು ಮನೆಗೆ ಬಂದು “ಈ ಸಲಾನೂ ನಾನೇ ಗೆಲ್ತೀನೇನ್ರಿ ಬಾಯಾರ?” ಎಂದು ಕೇಳಿದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ‘ಬಾಯಾರು’. “ಸೋಲ್ತೀರಿ. ಒಮ್ಮೆನೂ ಈ ಓಣ್ಯಾಗ ಕಾಲಿಟ್ಟಿಲ್ಲ ನೀವು” ಎಂದೆ. ಅವರು ಸಿಟ್ಟಾಗಿ ಹೋದರು, ಸೋತೂ ಹೋದರು. ಗೆದ್ದವರು ಪೇಢೆ ತಂದುಕೊಟ್ಟು, “ಬಾಯಾರ ನಾಲಿಗಿ ಭಾಳ ಖಡಕ್ ಅದ, ಸೋಲ್ತೀರಿ ಅಂದ್ರ ಸೋತಂಗೇ” ಎಂದು ಊರೆಲ್ಲ ಸಾರಿದರು.

ಮುಂದಿನ ಎಲೆಕ್ಷನ್ ಹೊತ್ತಿಗೆ ನಮ್ಮ ಬಾಗಿಲಲ್ಲಿ ಅಭ್ಯರ್ಥಿಗಳ ಸಾಲು. ಎಲ್ಲರದೂ ಒಂದೇ ಬೇಡಿಕೆ: ಎದುರಾಳಿ ಸೋಲ್ತಾನೆಂದು ನಾನು ಬಾಯಿಬಿಟ್ಟು ಹೇಳಬೇಕು.

“ನಾನು ಜ್ಯೋತಿಷಿ ಅಲ್ರೀ. ಓದಿದ್ದು ರಾಜ್ಯಶಾಸ್ತ್ರ.”

“ಅದಕ್ಕೇ ಬಂದೀವ್ರಿ, ಶಾಸ್ತ್ರ ಕೇಳಾಕ!”

ನಾನು ಗಟಾರ ಬಳಿಸ್ರಿ, ನಳ ಹಾಕಸ್ರಿ ಎಂದು ಹೇಳಿ ಕಳಿಸುತ್ತಿದ್ದೆ. ಅವರು ಅದನ್ನೇ ಮಂತ್ರವೆಂದು ತಿಳಿದು ಕೈ ಮುಗಿದು ಹೋಗುತ್ತಿದ್ದರು. ಅತ್ತ ಅಂಗಡಿಯಲ್ಲಿ ಮಾವನವರು, “ಶಾಸ್ತ್ರ ಕೇಳಾಕ ಬರಿಗೈಲೆ ಹೋಗಬಾರ್ದ್ರಿ” ಎಂದು ಒಬ್ಬೊಬ್ಬರಿಗೂ ತೆಂಗಿನಕಾಯಿ ಮಾರುತ್ತಿದ್ದರು. ಅಭ್ಯರ್ಥಿಗಳು ನನ್ನ ಮುಂದಿಟ್ಟು ಹೋದ ಕಾಯಿ ಹಿಂಬಾಗಿಲಿನಿಂದ ಅಂಗಡಿಗೆ ಹೋಗಿ ಮತ್ತೆ ಮಾರಾಟವಾಗುತ್ತಿತ್ತು.

ಪ್ರಚಾರದ ಕಡೆಯ ದಿನ ಒಂದೇ ವಾರ್ಡಿನ ಇಬ್ಬರು ಎದುರಾಳಿಗಳು ಒಟ್ಟಿಗೇ ಬಂದುಬಿಟ್ಟರು. ಒಬ್ಬರ ಕೈಯಲ್ಲಿ ಕಾಯಿ, ಇನ್ನೊಬ್ಬರದು ಬರಿಗೈ.

“ಖರೇ ಹೇಳ್ರಿ ಬಾಯಾರ, ನಮ್ಮಿಬ್ಬರಾಗ ಸೋಲವರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯಿಂದ ಮಾವನವರ ದನಿ ಬಂತು: “ಕಾಯಿ ತರದವರ್ರಿ!”

ಬರಿಗೈಯವರು ಓಡಿಹೋಗಿ ಎರಡು ತಂದರು. ಅದನ್ನು ಕಂಡು ಮೊದಲಿನವರು ಮೂರಕ್ಕೆ ಓಡಿದರು.