ಅರವತ್ತನೆಯ ಕಾರ್ಡು

ಎಲ್ಲದಕ್ಕೂ ಕಾರಣ ಉಗುರಿನಷ್ಟು ಉದ್ದದ ಒಂದು ಸೀಳು. ಭಾನುವಾರ ಮಧ್ಯಾಹ್ನ, ಫೈನಲ್ ಆಟಕ್ಕೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಸಾಹೇಬರು ಭೂತಗನ್ನಡಿ ಹಿಡಿದು ತಮ್ಮ ಅರವತ್ತು ಕಾರ್ಡುಗಳ ಕಟ್ಟನ್ನು ಕೊನೆಯ ಸಲ ತಪಾಸಣೆ ಮಾಡುತ್ತಿದ್ದರು. ಮೂರು ತಲೆಯ ಡ್ರ್ಯಾಗನ್ ಕಾರ್ಡಿನ ಕಪ್ಪು ಸ್ಲೀವು, ಅಂದರೆ ಕಾರ್ಡು ಮಾಸದಿರಲೆಂದು ತೊಡಿಸುವ ಪ್ಲಾಸ್ಟಿಕ್ ಅಂಗಿ, ಮೂಲೆಯಲ್ಲಿ ಬಾಯಿ ಬಿಟ್ಟಿತ್ತು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿಯವರು ಬೆನ್ನ ಹಿಂದೆ ಅವರನ್ನು ತಕ್ಕಡಿ ಎನ್ನುತ್ತಿದ್ದರು. ಕಟಿಂಗ್ ಅಂಗಡಿಯ ಮಹಡಿಯ ಮೇಲೆ, ಪ್ರತಿಯೊಬ್ಬರೂ ತಮ್ಮದೇ ಅರವತ್ತು ಚಿತ್ರಕಾರ್ಡುಗಳ ಕಟ್ಟು ತಂದು ಆಡುವ ಕಾರ್ಡು ಕ್ಲಬ್ಬಿಗೆ ನಿಯಮ ಬರೆದುಕೊಟ್ಟವರೂ ಅವರೇ. ಮೂವತ್ತೊಂದು ನಿಯಮ, ದುಂಡು ಅಕ್ಷರ, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಹೋದ ವರ್ಷ ಅವರ ಸ್ವಂತ ಭಾವಮೈದುನ ಹರಿದ ಸ್ಲೀವಿನ ಜಾಗಕ್ಕೆ ಹೊಸದೊಂದನ್ನು ಹಾಕಿದ್ದ. ಐವತ್ತೊಂಬತ್ತು ಹಳೆಯವುಗಳ ನಡುವೆ ಹೊಸದೊಂದಿದ್ದರೆ ಬೆನ್ನು ನೋಡಿಯೇ ಕಾರ್ಡು ಯಾವುದೆಂದು ಹೇಳಬಹುದು, ಇದು ಶುದ್ಧ ಮೋಸ ಎಂದು ಸಾಹೇಬರು ದೂರು ಕೊಟ್ಟು ಅವನನ್ನು ಒಂದು ವರ್ಷ ಹೊರಗಿಡಿಸಿದ್ದರು.

ಆ ವರ್ಷವಿಡೀ ಹೆಂಡತಿ ಮನೆಯಲ್ಲಿ ಬೇಕಾದಷ್ಟೇ ಮಾತಾಡಿದ್ದಳು. ಇವತ್ತು ಬೆಳಿಗ್ಗೆ ಮಾತ್ರ ಸ್ವಲ್ಪ ಹೆಚ್ಚು. "ಫೈನಲಲ್ಲಿ ನಿಮ್ಮೆದುರು ನನ್ನ ತಮ್ಮನೇ ಅಂತೆ. ನೀವು ಗೆದ್ರೆ ಆ ವಿಷಯ ಇನ್ನು ಎತ್ತಲ್ಲ. ಸೋತ್ರೆ ಎಲ್ಲರ ಮುಂದೆ ಅವನಿಗೆ ತಪ್ಪಾಯ್ತು ಅನ್ಬೇಕು."

ತಪ್ಪಾಯ್ತು ಎನ್ನುವ ಮಾತು ಸಾಹೇಬರ ವಂಶದಲ್ಲೇ ಯಾರ ಬಾಯಿಂದಲೂ ಬಂದದ್ದಿಲ್ಲ. ಅದಕ್ಕೇ ಸೀಳು ಕಂಡೊಡನೆ ಅವರು ಮತ್ತೆರಡು ಸಲ ಭೂತಗನ್ನಡಿ ಹಿಡಿದು ನೋಡಿದರು. ಡ್ರ್ಯಾಗನ್ನನ್ನು ಹರಿದ ಸ್ಲೀವಿನಿಂದ ಮೆಲ್ಲಗೆ ಈಚೆಗೆ ತೆಗೆದರು. ಕ್ಲಬ್ಬಿನ ಮೇಜಿನ ತುಂಬ ಟೀ ಲೋಟದ ಒದ್ದೆ ಗುರುತುಗಳಿದ್ದುದರಿಂದ ಸದ್ಯಕ್ಕಿರಲಿ ಎಂದು ಅದನ್ನು ತಮ್ಮ ತೆಳು ಬಿಳಿ ಅಂಗಿಯ ಜೇಬಿಗೆ ಸೇರಿಸಿದರು.

ಅಷ್ಟರಲ್ಲಿ ಸುದ್ದಿ ಹಬ್ಬಿತು. ಬಿಟ್ಟಿ ಸಲಹೆಗೆ ಎಲ್ಲಾದರೂ ಬರಗಾಲವಿದೆಯೇ? ಪಂಕ್ಚರ್ ಅಂಟು ಒಂದು ತೊಟ್ಟು ಸಾಕು ಎಂದ ಸೈಕಲ್ ಅಂಗಡಿಯವನು. ಎರಡು ಹೊಲಿಗೆ ಹಾಕಿಕೊಡುತ್ತೇನೆಂದು ಟೈಲರಮ್ಮ ಸೂಜಿಯನ್ನೇ ತೆಗೆದಳು. ಕೊನೆಗೆ ಭಾವಮೈದುನ ಬಂದು ಒಂದು ಹೊಸ ಕಪ್ಪು ಸ್ಲೀವನ್ನು ಮುಂದೆ ಹಿಡಿದ.

"ತಗೊಳ್ಳಿ ಭಾವ. ನಾನೇನೂ ದೂರು ಕೊಡಲ್ಲ."

ಸಾಹೇಬರ ಮುಖ ಹುಳ್ಳಗಾಯಿತು. ಬದಲಿಸಿದರೆ ಅರವತ್ತನ್ನೂ ಬದಲಿಸಬೇಕು ಎಂದು ಹೇಳಿ ಎದುರಿನ ಆಟಿಕೆ ಅಂಗಡಿಗೆ ಓಡಿದರು. ಅಲ್ಲಿ ಕಪ್ಪು ಮುಗಿದಿತ್ತು, ನೀಲಿಯೂ ಮುಗಿದಿತ್ತು. ಅರವತ್ತರ ಒಂದೇ ಪೊಟ್ಟಣ ಉಳಿದಿತ್ತು. ಗುಲಾಬಿ ಬಣ್ಣ, ಪ್ರತಿಯೊಂದರ ಬೆನ್ನ ಮೇಲೂ ಕಣ್ಣು ಹೊಡೆಯುವ ಒಂದು ಬೆಕ್ಕಿನ ಮರಿ.

ಮಹಡಿಯಲ್ಲಿ ಎಲ್ಲರೂ ಸುತ್ತ ಕೂತು ಹಳೆಯ ಸ್ಲೀವು ಬಿಚ್ಚಿ ಹೊಸದು ತೊಡಿಸತೊಡಗಿದರು. ಟೈಲರಮ್ಮ ಒಂದು ಬೆಕ್ಕನ್ನು ತಲೆಕೆಳಗು ಮಾಡಿದ್ದಕ್ಕೆ, ಅದೂ ಗುರುತೇ ಆಯಿತಲ್ಲ ಎಂದು ಸಾಹೇಬರು ಅವಳು ತೊಡಿಸಿದ್ದ ಹನ್ನೆರಡನ್ನೂ ಬಿಚ್ಚಿಸಿದರು. ಕಟಿಂಗ್ ಅಂಗಡಿಯವನದು ಚುರುಕು ಬೆರಳು. ಕೊನೆಯದನ್ನು ತುಂಬಿ ಎಣಿಸಿದವನೂ ಅವನೇ.

"ಸರಿಯಾಗಿ ಅರವತ್ತು ಸಾರ್."

ತೀರ್ಪುಗಾರರಾಗಿದ್ದ ನಿವೃತ್ತ ಹೆಡ್‌ಮಾಸ್ತರರು ಕಟ್ಟನ್ನು ತಿರುವಿ ಬೆನ್ನುಗಳನ್ನು ಎಣಿಸಿದರು. ಅರವತ್ತು ಬೆಕ್ಕುಗಳೂ ಒಂದೇ ಸಮನೆ ಕಣ್ಣು ಹೊಡೆದವು. ಆಟ ಶುರುವಾಯಿತು.

ಗಾಳಿಗೆ ಕಾರ್ಡು ಹಾರಬಾರದೆಂದು ಒಂಬತ್ತನೆಯ ನಿಯಮದಂತೆ ಫ್ಯಾನು ಆರಿಸಿದರು. ಆಟದ ನಡುವೆ ಆಟಗಾರರು ತಂತಮ್ಮ ಕಾರ್ಡಿನ ವಿಷಯ ಬಿಟ್ಟು ಬೇರೆ ಮಾತಾಡಬಾರದೆಂದು ಹದಿನಾಲ್ಕನೆಯ ನಿಯಮವಿತ್ತು. ಸಾಹೇಬರು ಬೆವರಿ ತೊಪ್ಪೆಯಾದರು. ಮಾಸ್ತರರ ಕಣ್ಣು ಗಡಿಯಾರದ ಮೇಲೆ, ಉಳಿದವರೆಲ್ಲ ಸಾಹೇಬರ ಬೆನ್ನ ಹಿಂದೆ. ಎದುರಿಗಿದ್ದ ಭಾವಮೈದುನ ಮಾತ್ರ ಆಗಾಗ ತಲೆಯೆತ್ತಿ ಭಾವನ ಎದೆ ನೋಡುತ್ತಿದ್ದ, ತುಟಿ ಕಚ್ಚಿ ಮತ್ತೆ ತಲೆ ತಗ್ಗಿಸುತ್ತಿದ್ದ. ಹೆದರಿದ್ದಾನೆ ಎಂದುಕೊಂಡು ಸಾಹೇಬರು ಖುಷಿಪಟ್ಟರು.

ಎರಡು ಗಂಟೆಯ ಹೊತ್ತಿಗೆ ಸಾಹೇಬರ ಕಟ್ಟಿನಲ್ಲಿ ಒಂದೇ ಕಾರ್ಡು ಉಳಿದಿತ್ತು. ಡ್ರ್ಯಾಗನ್ ಬಂದರೆ ಗೆಲುವು, ಇಲ್ಲವಾದರೆ ಸೋಲು. ಸಾಹೇಬರಿಗೆ ಅನುಮಾನವೇ ಇರಲಿಲ್ಲ. ಬಂದ ಕಾರ್ಡುಗಳನ್ನೆಲ್ಲ ಅವರು ಮನಸ್ಸಿನಲ್ಲೇ ಲೆಕ್ಕ ಇಟ್ಟಿದ್ದರು.

"ನೋಡದೇನೇ ಹೇಳ್ತೀನಿ ಕೇಳಿ," ಎಂದರು ಮೀಸೆ ಒರೆಸಿಕೊಳ್ಳುತ್ತ. "ಐವತ್ತೊಂಬತ್ತು ಬಂದಾಯ್ತು. ಉಳಿದಿರೋದು ಮೂರು ತಲೆಯ ಡ್ರ್ಯಾಗನ್."

ಮಗುಚಿದರು. ಬೆಕ್ಕಿನ ಆ ಬದಿಯಲ್ಲಿ ಒಂದು ಕತ್ತರಿಯ ಚಿತ್ರ, ಕೆಳಗೆ ಒಂದು ಸಾಲು: ಹತ್ತು ಸಲ ಕಟಿಂಗ್ ಮಾಡಿಸಿದವರಿಗೆ ಹನ್ನೊಂದನೆಯದು ಉಚಿತ.

ಕಟಿಂಗ್ ಅಂಗಡಿಯವನು ಹಿಂದಿನಿಂದ ಕೆಮ್ಮಿದ. "ಎಣಿಸಿದಾಗ ಒಂದು ಕಮ್ಮಿ ಬಂತು ಸಾರ್. ನಿಮಗೆ ಹೇಳಿದ್ರೆ ಅರವತ್ತನ್ನೂ ಮತ್ತೆ ಬಿಚ್ಚಿಸ್ತಿದ್ರಿ. ಅದಕ್ಕೇ ನಮ್ಮ ಅಂಗಡಿ ಕಾರ್ಡೊಂದು ತೂರಿಸಿದೆ. ಅಳತೆಯೇನೋ ಸರಿಯಾಗೇ ಇದೆ."

"ಹಾಗಾದ್ರೆ ನನ್ನ ಡ್ರ್ಯಾಗನ್ ಎಲ್ಲಿ?"

ಭಾವಮೈದುನ ಸುಮ್ಮನೆ ಬೆರಳು ತೋರಿಸಿದ. ಬೆವರಿಗೆ ಅಂಟಿದ ಬಿಳಿ ಜೇಬಿನೊಳಗಿನಿಂದ ಮೂರು ತಲೆಗಳೂ ಸ್ಪಷ್ಟವಾಗಿ ಹೊರಗೆ ನೋಡುತ್ತಿದ್ದವು.

"ಆಗಿನಿಂದ ಕಾಣಿಸ್ತಾನೇ ಇದೆ ಭಾವ. ಹೇಳೋಣ ಅನ್ಕೊಂಡೆ. ಮಾತಾಡಬಾರದು ಅಂತ ನೀವೇ ಬರೆದಿದ್ದೀರಲ್ಲ."

ಮಾಡಿದ್ದುಣ್ಣೋ ಮಹರಾಯ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರ ಮಟ್ಟಿಗೆ ಅಲ್ಲಿದ್ದವರೆಲ್ಲ ಒಳ್ಳೆಯವರು. ಮಾಸ್ತರರು ಗೋಡೆಯ ಕಡೆ ತಿರುಗಿ, ಇಷ್ಟು ದೂರದಿಂದ ತಮಗೆ ಅಕ್ಷರ ಕಾಣುವುದಿಲ್ಲ, ಇಪ್ಪತ್ತೆರಡನೆಯ ನಿಯಮವನ್ನು ಸಾಹೇಬರೇ ಓದಲಿ ಎಂದರು. ಸಾಹೇಬರು ಎದ್ದು ನಿಂತು ಓದಿದರು. ಮೈಮೇಲೆ ಕಾರ್ಡು ಬಚ್ಚಿಟ್ಟುಕೊಂಡು ಆಡುವವರು ಒಂದು ವರ್ಷ ಹೊರಗೆ. ಮರೆತಿದ್ದೆ ಎಂಬ ನೆಪಕ್ಕೆ ಅವಕಾಶವಿಲ್ಲ. ಆ ಎರಡನೆಯ ವಾಕ್ಯವನ್ನು ಸೇರಿಸಿದ ದಿನ ತಮಗೆ ಎಷ್ಟು ಹೆಮ್ಮೆಯಾಗಿತ್ತೆಂದು ಅವರಿಗೆ ನೆನಪಾಯಿತು.

ಆಮೇಲೆ ಎಲ್ಲರ ಮುಂದೆ ಆ ಒಂದು ಮಾತನ್ನೂ ಹೇಳಿದರು. ಸರಿಯಾಗಿ ಕೇಳಿಸಲಿಲ್ಲವೆಂದು ಟೈಲರಮ್ಮ ಇನ್ನೊಮ್ಮೆ ಹೇಳಿಸಿದಳು.

ಭಾವಮೈದುನ ಹತ್ತಿರ ಬಂದು ಒದ್ದೆ ಡ್ರ್ಯಾಗನ್ನನ್ನು ಜೇಬಿನಿಂದ ಈಚೆಗೆ ತೆಗೆದು, ಕರವಸ್ತ್ರದಿಂದ ಒರೆಸಿ, ತನ್ನಲ್ಲಿದ್ದ ಆ ಹೊಸ ಕಪ್ಪು ಸ್ಲೀವಿನೊಳಗೆ ತೂರಿಸಿ ಭಾವನ ಕೈಗಿಟ್ಟ.

"ಇದರಲ್ಲೇ ಇರಲಿ ಭಾವ. ಒಂದು ವರ್ಷ ಕೆಡದೆ ಉಳಿಬೇಕಲ್ಲ."